ಬೋರೇಶನ ‘ಹ’

‘ಬೋರೇಶ ಎಲ್ಲಿ?’ ಅಂದರೆ
ಐದನೇ ಕ್ಲಾಸು ಒಂದೇ ಗಂಟಲಲ್ಲಿ, ‘ಓದ ಮಿಸ್.’
ಓದಲಿಲ್ಲ ಅವನು. ಹೋದ.
ಪಾಠದ ಸಾಲು ತನ್ನ ಬೆಂಚಿಗೆ ಬರುವ ಹೊತ್ತಿಗೆ ಸರಿಯಾಗಿ
ಕಿರುಬೆರಳೆತ್ತಿ ಒಂದಕ್ಕೆ ಹೋದವನು
ನಲ್ಲಿ ಕಟ್ಟೆಯ ಮೇಲೆ ಕೂತು
ನಾಲೆ ನೀರು ನೋಡುತ್ತ ಗಂಟೆ ಕಾಯುತ್ತಾನೆ.

ಪಾಂಡವಪುರದ ಈಚೆಗೆ ನಮ್ಮ ಹೊಸಕಟ್ಟೆ.
ಬಸ್ಸಿನ ಬೋರ್ಡು ಬಿಟ್ಟರೆ ಯಾರೂ ಅದನ್ನು ಹಾಗನ್ನುವುದಿಲ್ಲ.
ಒಸಕಟ್ಟೆ.
ಅಲ್ಲಿ ಆಲು ಕರೀತಾರೆ, ಊವು ಕಟ್ತಾರೆ,
ಅಸ ಈದರೆ ಅಬ್ಬ.
ಯಾರ ಬಾಯಿಗೂ ಬೇಡವಾದ ಒಂದಕ್ಷರ
ಪುಸ್ತಕದಲ್ಲಿ ಮಾತ್ರ ಕಾಲು ಚಾಚಿ ಕೂತಿರುತ್ತದೆ.

ಜೂನಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿದ್ದ:
‘ಆವು ಉತ್ತದಲ್ಲಿ ಇದೆ.’
ಮಂಡ್ಯ ಟೌನಿನಿಂದ ಬಂದ ಸಿಂಚನ ನಕ್ಕಳು.
ಆಮೇಲೆ ಎಲ್ಲರೂ ನಕ್ಕರು,
ಮನೆಯಲ್ಲಿ ಆವು ಅನ್ನುವವರೂ.
ಹಾವು ಹೋಯಿತು.
ಹುತ್ತ ಉಳಿಯಿತು ಅವನ ಗಂಟಲಲ್ಲಿ.

ಆ ನಗು ನನಗೆ ಗೊತ್ತು.
ಮೈಸೂರಿನಲ್ಲಿ ಡಿ.ಎಡ್. ಸೇರಿದ ಮೊದಲ ವಾರ
‘ನಿಮ್ಮ ಹವ್ಯಾಸ?’ ಎಂದದ್ದಕ್ಕೆ
‘ಅವ್ಯಾಸ ಏನೂ ಇಲ್ಲ ಸಾರ್’ ಎಂದಿದ್ದೆ.
ರಾತ್ರಿ ಹಾಸ್ಟೆಲಿನ ಬಚ್ಚಲಲ್ಲಿ
ಕನ್ನಡಿ ಮೇಲೆ ಉಸಿರು ಬಿಟ್ಟು ಹ, ಹ, ಹ,
ನನ್ನ ಮುಖ ನನಗೇ ಕಾಣದಷ್ಟು ಮಂಜು ಕಟ್ಟುವವರೆಗೆ.
ಹಾಗೆ ಕಲಿತೆ. ಹಾಗೆ ಕಲಿಸಬಾರದು ಅಂದುಕೊಂಡಿದ್ದೆ.

ಆದರೂ ಕಲಿಸಿದೆ.
ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ‘ಹ ಎಲ್ಲಿ?’ ಎಂದು ಬರೆದೆ.
ಮರುದಿನ ಹುಡುಗ ಎಲ್ಲದಕ್ಕೂ ಹ ತೊಡಿಸಿ ತಂದ:
ಹಜ್ಜಿ, ಹಪ್ಪ, ಹಾನೆ.
ನಗು ಬಂತು, ನುಂಗಿದೆ. ಸ್ವಲ್ಪ ಅಳುವೂ.

‘ಪುಸ್ತಕ ಮುಚ್ಚೋ. ನಿನ್ನೆ ಏನು ಮಾಡಿದೆ ಅಂತ ಬರಿ.
ಈ ಕೆಂಪು ಪೆನ್ನು ನಿನ್ನ ಜೇಬಲ್ಲೇ ಇರಲಿ.’
ಅವನು ಪೆನ್ನನ್ನು ಚೇಳಿನ ಹಾಗೆ ಹಿಡಿದುಕೊಂಡ.

ಸೋಮವಾರ: ಏನೂ ಮಾಡ್ಲಿಲ್ಲ.
ಮಂಗಳವಾರ: ಏನೂ ಮಾಡ್ಲಿಲ್ಲ. ನಾಯಿ ಬಂತು.
ಬುಧವಾರ ನಾಯಿಗೆ ಹೆಸರು ಬಂತು, ಕರಿಯ.
ಶುಕ್ರವಾರ ಕರಿಯನ ಕಾಲಿಗೆ ಮುಳ್ಳು,
ಮುಳ್ಳು ತೆಗೆದ ತಾತ, ತಾತನ ಬೈಗುಳ,
ಬೈಗುಳದ ಕಾಗುಣಿತ ಮಾತ್ರ ಒಂದೂ ತಪ್ಪಿರಲಿಲ್ಲ.

ದೀಪಾವಳಿ ರಜೆ ಮುಗಿಸಿ ಬಂದಾಗ ಒಂದೂವರೆ ಪುಟ.
ಮೇಲೆ ದಪ್ಪಕ್ಷರದಲ್ಲಿ: ಹಾಲೆಮನೆ.
‘ನಮ್ಮವ್ವ ಗುಳಿಗೆ ರಚ್ಚು ಆಕ್ತಳೆ.
ಕೊಪ್ಪರಿಗೇಲಿ ಆಲು ಕುದೀತದೆ.
ಮೊದ್ಲು ಸಿಟ್ಟು ಮಾಡ್ತದೆ, ಆಮೇಲೆ ಮಾತಾಡ್ತದೆ,
ಆಮೇಲೆ ಸುಮ್ಕಾಯ್ತದೆ.
ಸುಮ್ಕಾದಾಗ ತಾತ ಇಳಿಸಿ ಅಂತನೆ.
ಬ್ಯಾಗ ಇಳಿಸುದ್ರೆ ಬೆಲ್ಲ ಅಲ್ಲ, ಲೇಟಾದ್ರೆ ಸೀದೋಯ್ತದೆ.’

‘ಓದ್ತೀಯ?’ ಅಂದೆ.
ಬಾಗಿಲು ನೋಡಿದ. ನಲ್ಲಿ ಕಟ್ಟೆ ಅಲ್ಲೇ ಇತ್ತು.
ನಾನು ಕಿಟಕಿ ಆಚೆ ನೋಡಿದೆ, ಪೂರಾ ಒಂದು ಲಾರಿ ಕಬ್ಬು ದಾಟುವವರೆಗೂ.
ಹಿಂದಿನಿಂದ ಶುರುವಾಯಿತು ದನಿ, ಮೊದಲ ಪದಕ್ಕೇ ನಿಂತಿತು.
‘ಮಿಸ್, ಆಲೆಗೆ ಹ ಇಲ್ಲ ಅಲ್ವ?’
‘ಆಲೆಗೆ ಇಲ್ಲ ಕಣೋ. ಒಳಗೆ ಕುದಿಯೋ ಹಾಲಿಗಿದೆ.’

ಜೇಬಿನಿಂದ ಕೆಂಪು ಪೆನ್ನು ತೆಗೆದ.
ಮೇಲಿನದನ್ನು ತಾನೇ ಹೊಡೆದು ಹಾಕಿ
ಕೊಪ್ಪರಿಗೆಯ ಪಕ್ಕ ಒಂದು ಹ ಕೂರಿಸಿದ.
ಕಾಗದದಲ್ಲಿ ಹಾಲು.
ಓದುವಾಗ ಮಾತ್ರ ಅವರವ್ವನ ಬಾಯಲ್ಲಿ ಬರುವಂತೆ, ಆಲು.
ಎರಡೂ ಇರಲಿ.

‘ಬೆಲ್ಲ ತರ್ತೀಯ?’ ಸಿಂಚನಳದು ಒಂದೇ ಪ್ರಶ್ನೆ.

ಅಷ್ಟರಲ್ಲಿ ಹೆಡ್‌ಮಾಸ್ಟರು ತಲೆ ಹಾಕಿದರು:
‘ಬೋರೇಶ ಇವತ್ತೂ ಓದನೇನ್ರೋ?’
‘ಓದ್ದ ಸಾರ್!’ ಇಡೀ ಕ್ಲಾಸು.
ದಕಾರಕ್ಕೆ ಜೋತುಬಿದ್ದ ಆ ಸಣ್ಣ ಒತ್ತು
ಅವರ ಕಿವಿಗೆ ಬೀಳಲಿಲ್ಲ.
ಬೈಯುತ್ತ ನಡೆದರು
ನಲ್ಲಿ ಕಟ್ಟೆಯ ಕಡೆ, ಹುಡುಕಿಕೊಂಡು.